ಮೊದಲ ಆರು ವಾರಕ್ಕೆ ಬೇಕಾದಷ್ಟು

ಮೊದಲ ಮಗುವಿನ ದಾರಿ ನೋಡುತ್ತಿರುವ ತಾಯಂದಿರಿಗೆ, ತಂದೆಯಂದಿರಿಗೆ,



ಈ ಹೊತ್ತಿಗೆ ನಿಮ್ಮ ಫೋನಿನಲ್ಲೋ ಫ್ರಿಜ್ಜಿನ ಬಾಗಿಲ ಮೇಲೋ ಒಂದು ಪಟ್ಟಿ ಬೆಳೆಯುತ್ತಿರಬಹುದು. ತೊಟ್ಟಿಲು, ಸ್ಟ್ರೋಲರ್, ಹಾಲಿನ ಬಾಟಲಿ, ಬಾಟಲಿ ಕುದಿಸುವ ಯಂತ್ರ, ಡೈಪರ್ ಬ್ಯಾಗು, ಮಗುವಿನ ದಿಂಬು, ಪೌಡರು, ಲೋಷನ್ನು, ವಾಕರ್. ಗೆಳತಿ ಒಂದು ಸೇರಿಸುತ್ತಾಳೆ, ಅತ್ತಿಗೆ ಇನ್ನೊಂದು ಸೇರಿಸುತ್ತಾರೆ, ಅಂಗಡಿಯವರು ತಮ್ಮದೇ ಪಟ್ಟಿ ಅಚ್ಚು ಹಾಕಿಸಿ ಕೈಗಿಡುತ್ತಾರೆ. ಓದುತ್ತಾ ಹೋದಂತೆ, ಇದರಲ್ಲಿ ಒಂದು ಬಿಟ್ಟರೂ ಮಗುವಿಗೆ ಅನ್ಯಾಯ ಮಾಡಿದಂತೆ ಎಂಬ ಅಳುಕು ಹುಟ್ಟುತ್ತದೆ. ಆ ಅಳುಕನ್ನು ಇಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಎಲ್ಲವನ್ನೂ ಒಂದೇ ಬಟ್ಟೆ ಚೀಲದಲ್ಲಿ ತಂದವರನ್ನೂ ಕಂಡಿದ್ದೇನೆ, ಸೂಟ್‌ಕೇಸಿನ ಮೇಲೆ ಸೂಟ್‌ಕೇಸು ತಂದವರನ್ನೂ ಕಂಡಿದ್ದೇನೆ. ಯಾವುದು ಮಗುವಿನ ಉಪಯೋಗಕ್ಕೆ ಬಂತು, ಯಾವುದು ಪೊಟ್ಟಣ ಬಿಚ್ಚದೆ ಮನೆಗೆ ವಾಪಸಾಯಿತು ಎಂದು ಹತ್ತಿರದಿಂದ ನೋಡಿದ್ದೇನೆ. ಅದರಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಮಗು ಹುಟ್ಟುವ ಮುಂಚೆ ಅದರ ಮೊದಲ ಆರು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಕೊಳ್ಳಿ. ಉಳಿದದ್ದನ್ನು ಮಗು ಬಂದ ಮೇಲೆ, ಮಗುವನ್ನು ನೋಡಿಕೊಂಡು ಕೊಳ್ಳಿ. ಆ ಆರು ವಾರದ ಪಟ್ಟಿಯಲ್ಲಿ ಮೊದಲ ಸಾಲುಗಳು ತಾಯಿಗೆ ಬೇಕಾದ ಸಾಮಾನಿನವು ಆಗಿರಲಿ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಈ ಮಾತಿಗೆ ಎರಡು ಕಡೆಯಿಂದ ವಿರೋಧ ಬರುತ್ತದೆ ಎಂದು ಗೊತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವ ಅಜ್ಜಿಯರು ಒಂದು ಕಡೆ, ಹುಟ್ಟುವಷ್ಟರಲ್ಲಿ ಮಗುವಿನ ಕೋಣೆಯೇ ಸಿದ್ಧವಾಗಬೇಕು ಎನ್ನುವ ಕಾಲ ಇನ್ನೊಂದು ಕಡೆ. ಅಜ್ಜಿಯರನ್ನು ಮೂಢನಂಬಿಕೆಯವರು ಎಂದು ತಳ್ಳಿಹಾಕಬೇಡಿ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಹೊಲಿಸಿದ ಕುಲಾವಿಯನ್ನು ಪೆಟ್ಟಿಗೆಯಲ್ಲಿ ಮಡಚಿಡಬೇಕಾದ ಮನೆಗಳು ಊರೂರಲ್ಲೂ ಇದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಅಂದಿನ ಭಯಕ್ಕೆ ಕಾರಣವಿತ್ತು, ಇಂದು ಅಷ್ಟು ಭಯ ಬೇಕಿಲ್ಲ. ಆದರೆ ಎಲ್ಲವನ್ನೂ ಮೊದಲೇ ಕೊಂಡಿಟ್ಟರೆ ಮಗು ಕ್ಷೇಮ ಎಂಬ ಇಂದಿನ ನಂಬಿಕೆಯೂ ಭಯದಿಂದಲೇ ಹುಟ್ಟಿದ್ದು. ಆರು ವಾರದ ಪಟ್ಟಿಯಲ್ಲಿ ಅಜ್ಜಿಯ ಮಾತಿಗೂ ಮರ್ಯಾದೆ ಉಂಟು, ನಿಮ್ಮ ಸಂಭ್ರಮಕ್ಕೂ ಜಾಗ ಉಂಟು.

ಆರು ವಾರದ ಲೆಕ್ಕ ನಾನು ಕಟ್ಟಿದ್ದಲ್ಲ. ಬಾಣಂತನವನ್ನು ನಮ್ಮವರು ಹೆಚ್ಚುಕಡಿಮೆ ನಲವತ್ತು ದಿನ ಎಂದೇ ಎಣಿಸುತ್ತ ಬಂದಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾದ ದಿನಗಳು ಆರು: 3, 7, 14, 21, 28 ಮತ್ತು 42ನೇ ದಿನ. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಆದ ಮೇಲೆ ಮುಂದಿನ ಲಸಿಕೆ ಆರನೇ ವಾರಕ್ಕೆ. ತಾಯಿಯ ತಪಾಸಣೆಯೂ ಆಗಲೇ. ಆ ದಿನಕ್ಕೆ ನಿಮ್ಮ ಮಗು ಎಂಥದ್ದು ಎಂದು ನಿಮಗೆ ತಿಳಿದಿರುತ್ತದೆ. ಎಷ್ಟು ದಪ್ಪವಾಗಿದೆ, ಎಷ್ಟು ಹೊತ್ತು ಮಲಗುತ್ತದೆ, ಹಾಲು ಹೇಗೆ ಕುಡಿಯುತ್ತದೆ, ಚರ್ಮ ಯಾವುದಕ್ಕೆ ಕೆಂಪಾಗುತ್ತದೆ, ಎಲ್ಲವೂ ಗೊತ್ತಾಗಿರುತ್ತದೆ. ಎರಡನೇ ಪಟ್ಟಿಯನ್ನು ಅಂದು ಬರೆಯಿರಿ. ಈಗ ಊಹೆಯ ಮೇಲೆ ಬರೆಯುವ ಪಟ್ಟಿಗಿಂತ ಅದು ಚಿಕ್ಕದೂ ಸರಿಯಾದದ್ದೂ ಆಗಿರುತ್ತದೆ.

ಹಾಗಾದರೆ ಮೊದಲ ಆರು ವಾರದಲ್ಲಿ ಮಗು ಏನು ಮಾಡುತ್ತದೆ? ಹಾಲು ಕುಡಿಯುತ್ತದೆ, ಮಲಗುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ, ಬೆಚ್ಚಗಿರಲು ಬಯಸುತ್ತದೆ, ಅತ್ತಾಗ ಎತ್ತಿಕೊಳ್ಳಬೇಕು ಎನ್ನುತ್ತದೆ. ಅಷ್ಟೇ. ಈ ಕೆಲಸಗಳನ್ನು ಒಂದೊಂದಾಗಿ ಹಿಡಿದುಕೊಂಡು ಹೋದರೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಬಟ್ಟೆಯಿಂದ ಶುರುಮಾಡೋಣ. ವಾರ್ಡಿನ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮಗು ಆಗಷ್ಟೇ ಹುಟ್ಟಿತ್ತು, ಒರೆಸಿ ಸುತ್ತಲು ಬಟ್ಟೆ ಕೊಡಿ ಎಂದು ಹೊರಗೆ ಬಂದು ಕೇಳಿದೆ. ತಂದೆ ದೊಡ್ಡ ಸೂಟ್‌ಕೇಸು ತೆರೆದರು. ಮೇಲಿಂದ ಕೆಳತನಕ ಪ್ಲಾಸ್ಟಿಕ್ ಪೊಟ್ಟಣಗಳು. ಒಂದು ಬಿಚ್ಚಿದರೆ ಅಂಚಿಗೆ ಲೇಸು, ಇನ್ನೊಂದು ಬಿಚ್ಚಿದರೆ ಬೆನ್ನಿಗೆ ಜಿಪ್ಪು, ಮೂರನೆಯದರಲ್ಲಿ ಬೆಲೆಯ ಚೀಟಿ ಪ್ಲಾಸ್ಟಿಕ್ ದಾರದಲ್ಲಿ ಹಾಗೇ ನೇತಾಡುತ್ತಿತ್ತು. ಯಾವುದನ್ನೂ ಒಮ್ಮೆಯೂ ಒಗೆದಿರಲಿಲ್ಲ, ಎಲ್ಲಕ್ಕೂ ಅಂಗಡಿಯ ಗಂಜಿಯ ಗರಿಗರಿ. ಅವರ ಕೈ ನಡುಗುತ್ತಿತ್ತು. ಪಕ್ಕದ ಬೆಂಚಿನಲ್ಲಿ ಬೇರೊಬ್ಬರ ಹೆರಿಗೆಗೆ ಬಂದು ಕೂತಿದ್ದ ಹಿರಿಯಮ್ಮ ತಮ್ಮ ಚೀಲದಿಂದ, ಒಗೆದು ಬಿಸಿಲಿಗೆ ಒಣಗಿಸಿ ನಾಲ್ಕು ಮಡಿಕೆ ಮಾಡಿದ್ದ ಹಳೆಯ ಪಂಚೆಯ ತುಂಡೊಂದನ್ನು ತೆಗೆದು, "ಇದನ್ನ ತಗೊಳ್ಳಿ ಸಿಸ್ಟರ್, ಮೆತ್ತಗದೆ" ಎಂದರು. ಮಗುವಿನ ಮೈಗೆ ಸೋಕಿದ ಮೊದಲ ಬಟ್ಟೆ ಅದೇ.

ಹುಟ್ಟಿದ ಮಗುವಿನ ಮೈ ಒದ್ದೆ ಇರುತ್ತದೆ, ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಹಾಗಾಗಿ ಮೊದಲ ಅಗತ್ಯ ಒಗೆದ, ಮೆತ್ತನೆಯ, ಕೈಗೆ ಸಿಗುವ ಬಟ್ಟೆ. ಹಳೆಯ ಹತ್ತಿ ಪಂಚೆ, ನವೆದ ಹತ್ತಿ ಸೀರೆಗಳನ್ನು ಚೌಕಾಕಾರಕ್ಕೆ ಹರಿದು, ಸೋಪಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ ಎರಡು ಮೂರು ಡಜನ್ ಇಟ್ಟುಕೊಳ್ಳಿ. ಮುಂದೆ ದಾರ ಕಟ್ಟುವ ಹತ್ತಿಯ ಜಬ್ಲಾ ಆರೇಳು ಸಾಕು. ತಲೆಯ ಮೇಲಿಂದ ಹಾಕುವ ಅಂಗಿ ಬೇಡ, ನಿಲ್ಲದ ಕತ್ತಿನ ಮಗುವಿಗೆ ತೊಡಿಸುವಷ್ಟರಲ್ಲಿ ಇಬ್ಬರೂ ಅಳುವಂತಾಗುತ್ತದೆ. ಎರಡು ಕುಲಾವಿ, ಎರಡು ಜೊತೆ ಕಾಲುಚೀಲ, ಮಳೆಗಾಲವೋ ಚಳಿಗಾಲವೋ ಆದರೆ ಒಂದೆರಡು ಸ್ವೆಟರ್. 'ನ್ಯೂಬಾರ್ನ್' ಎಂದು ಬರೆದಿರುವ ಅಳತೆಯಲ್ಲಿ ಹೆಚ್ಚು ಕೊಳ್ಳಬೇಡಿ. ಸಾಮಾನ್ಯವಾಗಿ ಐದು ತಿಂಗಳ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಎರಡರಷ್ಟಾಗುತ್ತದೆ. ಮೊದಲ ತಿಂಗಳ ಅಂಗಿ ಮೂರನೇ ತಿಂಗಳಿಗೆ ಬಿಗಿಯಾಗುತ್ತದೆ. ಅಕ್ಕನ ಮಗುವಿನ, ಪಕ್ಕದ ಮನೆ ಮಗುವಿನ ಬಟ್ಟೆ ಸಿಕ್ಕರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಹತ್ತು ಸಲ ಒಗೆದ ಬಟ್ಟೆಯಷ್ಟು ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಣ್ಣದ ಚಿಂತೆಯೂ ಬೇಡ. ಹೆಣ್ಣೋ ಗಂಡೋ ಎಂದು ಮೊದಲೇ ತಿಳಿಯುವುದನ್ನು 1994ರ ಕಾಯ್ದೆ ನಿಷೇಧಿಸಿದೆ, ಅದು ನಮ್ಮ ಹೆಣ್ಣುಮಕ್ಕಳ ಪ್ರಾಣ ಉಳಿಸಲು ಬಂದ ಕಾಯ್ದೆ. ಬಿಳಿ, ಹಳದಿ, ಹಸಿರು ಯಾವ ಮಗುವಿಗೂ ಒಪ್ಪುತ್ತವೆ.

ಹೊದಿಸುವುದಕ್ಕೆ ನಮ್ಮ ನಾಡಲ್ಲೇ ಎಂಥೆಂಥ ವಸ್ತುಗಳಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಪುಟ್ಟ ಕೌದಿ, ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಕೌದಿ. ತವರಿನವರು ಏನಾದರೂ ಕೊಡಲೇಬೇಕು ಎಂದು ಕೇಳಿದರೆ ಇಂಥದೊಂದು ಹೊಲಿದುಕೊಡಿ ಎನ್ನಿ. ಅಮ್ಮನ ಸೀರೆ, ಅಜ್ಜಿಯ ಸೀರೆ ಅದರೊಳಗೆ ಇರುತ್ತದೆ. ಮಗು ಎಚ್ಚರವಿದ್ದಾಗ ತೊಡೆಯ ಮೇಲೆ ಹಾಸಿಕೊಳ್ಳಲು, ಹೊರಗೆ ಕರೆದೊಯ್ಯುವಾಗ ಸುತ್ತಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಮಲಗಿದ ಮಗುವಿನ ಮುಖಕ್ಕೆ ಮಾತ್ರ ಯಾವ ಹೊದಿಕೆಯೂ ಬರಕೂಡದು.

ಡೈಪರ್ ಬಗ್ಗೆ ನಿಮ್ಮ ಮನೆಯಲ್ಲಿ ವಾದ ನಡೆದೇ ನಡೆಯುತ್ತದೆ. ಹಗಲು ಬಟ್ಟೆ, ರಾತ್ರಿಗೆ ಮತ್ತು ಆಸ್ಪತ್ರೆಗೆ ಹೋಗುವಾಗ ಡೈಪರ್ ಎಂಬ ನಡುದಾರಿ ನನ್ನ ಸಲಹೆ. ಅದಕ್ಕೆ ಒಂದು ಕಾರಣವಿದೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಿಲ್ಲದಂತೆ ಮೂತ್ರ ಮಾಡಿದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಬಟ್ಟೆಯಾದರೆ ಎಣಿಸುವುದು ಸುಲಭ, ಡೈಪರಿನಲ್ಲಿ ಎಷ್ಟು ಸಲ ಎಂದು ತಿಳಿಯುವುದಿಲ್ಲ. ಖರ್ಚನ್ನೂ ನೋಡಿ. ದಿನಕ್ಕೆ ಎಂಟು ಡೈಪರ್ ಎಂದರೆ ತಿಂಗಳಿಗೆ 240. ಆದ್ದರಿಂದ ಮುಂಚೆ ಒಂದೇ ಚಿಕ್ಕ ಪ್ಯಾಕೆಟ್ ಕೊಳ್ಳಿ, ಮಗುವಿನ ತೊಡೆಸಂದಿಗೆ ಹಿಡಿಸುತ್ತದೆಯೇ ನೋಡಿ ಆಮೇಲೆ ಮುಂದುವರಿಯಿರಿ. ಬಳಸಿದ ಡೈಪರನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡಿ. ಅದನ್ನು ಕೈಯಿಂದ ವಿಂಗಡಿಸುವ ಪೌರಕಾರ್ಮಿಕರ ಮನೆಯಲ್ಲೂ ಮಕ್ಕಳಿದ್ದಾರೆ, ಇದನ್ನು ಮರೆಯದಿರಿ.

ಮಲಗುವ ಜಾಗದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಗಟ್ಟಿಯಾಗಿ ಕೇಳಿಸಿಕೊಳ್ಳಿ. ಮಗು ಬೆನ್ನ ಮೇಲೆ ಮಲಗಬೇಕು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ದಿಂಬು ಬೇಡ, ತಲೆ ದುಂಡಗಾಗಲಿ ಎಂದು ಮಾಡುವ ಸಾಸಿವೆ ದಿಂಬೂ ಬೇಡ, ಸುತ್ತ ಮೆತ್ತೆಗಳ ಗೋಡೆ ಬೇಡ, ಪಕ್ಕದಲ್ಲಿ ಗೊಂಬೆ ಬೇಡ. ಅಮೆರಿಕದಲ್ಲಿ 1994ರಿಂದ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರ ನಡೆಯಿತು, ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಶಿಶುಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ದೇಶದಲ್ಲಿ 2019ರಲ್ಲಿ, ಮಗುವನ್ನು ಓರೆಯಾಗಿ ಮಲಗಿಸುವ ಒಂದು ಜನಪ್ರಿಯ ತೊಟ್ಟಿಲನ್ನು ಮೂವತ್ತಕ್ಕೂ ಹೆಚ್ಚು ಸಾವುಗಳ ವರದಿಯ ನಂತರ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿದರು. ಮಾರಾಟವಾಗಿದ್ದವು ಸುಮಾರು 47 ಲಕ್ಷ. 2022ರಲ್ಲಿ ಅಂಥ ಓರೆ ತೊಟ್ಟಿಲುಗಳನ್ನೂ ಸುತ್ತಲಿನ ಮೆತ್ತೆಗಳನ್ನೂ ಅಲ್ಲಿ ಕಾನೂನಿನಿಂದಲೇ ನಿಷೇಧಿಸಿದರು. ಅಂಗಡಿಯಲ್ಲಿ ಮಾರುತ್ತಾರೆ ಎಂದ ಮಾತ್ರಕ್ಕೆ ಮಗುವಿಗೆ ಕ್ಷೇಮ ಎಂದು ನಂಬಬೇಡಿ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗೆಂದು ತೊಟ್ಟಿಲ ಆಸೆ ಬಿಡಿ ಎನ್ನುತ್ತಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ನೋಡಿದವರಿಗೆ ಆ ಆಸೆ ಹುಟ್ಟದೆ ಇರದು. ಸಾಗುವಾನಿ ಮರ, ಮೇಲೆ ಅರಗಿನ ಹೊಳಪು, ಸುತ್ತಲೂ ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರಗಳು. ಅಂಥದೊಂದು ಮನೆಯಲ್ಲಿದ್ದರೆ, ನೆಂಟರಲ್ಲಿದ್ದರೆ ತರಿಸಿಕೊಳ್ಳಿ, ತಲೆಮಾರುಗಳ ಕಾಲ ಬಾಳುವ ವಸ್ತು ಅದು. ಹೊಸದನ್ನು ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ, ಕುಶಲಕರ್ಮಿಯ ಮನೆಗೆ ಅನ್ನವಾಗುತ್ತದೆ. ಯಾವ ತೊಟ್ಟಿಲಾದರೂ ಸರಪಳಿ, ಕೊಂಡಿ, ತೊಲೆ ಗಟ್ಟಿಯಿವೆಯೇ ಎಂದು ಭಾರ ಹಾಕಿ ಪರೀಕ್ಷಿಸಿ. ಪಟ್ಟಿಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಒಳಗೆ ತೆಳ್ಳನೆಯ ಗಟ್ಟಿ ಹಾಸಿಗೆ ಇರಲಿ. ಮಗು ಮಗುಚಿಕೊಳ್ಳಲು, ಎದ್ದು ಕೂರಲು ಯತ್ನಿಸಿದ ದಿನ ತೊಟ್ಟಿಲ ಕಾಲ ಮುಗಿಯಿತು ಎಂದು ತಿಳಿಯಿರಿ. ತೊಟ್ಟಿಲಿಲ್ಲದ ಮನೆಯವರು ಬೇಸರಪಡುವ ಕಾರಣವಿಲ್ಲ. ಫಿನ್‌ಲೆಂಡ್ ಸರ್ಕಾರ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ, ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತ ಬಂದಿದೆ. ತಳಕ್ಕೆ ಪುಟ್ಟ ಹಾಸಿಗೆ ಹಾಕಿದರೆ ಆ ಪೆಟ್ಟಿಗೆಯೇ ಮಗುವಿನ ಮೊದಲ ಮಂಚ. ನಾಲ್ಕು ತಿಂಗಳು ತುಂಬುವುದರೊಳಗೆ ಗರ್ಭಿಣಿ ತಪಾಸಣೆಗೆ ಬಂದಿರಬೇಕು ಎಂಬುದು ಅದನ್ನು ಪಡೆಯಲು ಇಟ್ಟ ನಿಯಮ. ಸಾಮಾನಿನ ಆಸೆಗೆ ಬಂದವರು ವೈದ್ಯರ ಕಣ್ಣಿಗೂ ಬಿದ್ದರು. ಹುಟ್ಟುವ ಮಗುವಿಗೆ ಮೊದಲು ಬೇಕಾದದ್ದು ತಾಯಿಯ ಆರೋಗ್ಯ ಎಂದು ಅವರು ಅರಿತಿದ್ದರು. ಮಂಚದ ಜೊತೆಗೆ ಒಂದು ಸೊಳ್ಳೆಪರದೆ ಮಾತ್ರ ತಪ್ಪದೆ ಕೊಳ್ಳಿ. ಡೆಂಗಿ ಇರುವ ಊರುಗಳಲ್ಲಿ ಹಗಲೂ ಅದು ಬೇಕು. ಸೊಳ್ಳೆಬತ್ತಿಯ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ಬೇಡ, ಸಾಂಬ್ರಾಣಿ ಹೊಗೆಯೂ ಬೇಡ.

ಹಾಲಿನ ವಿಷಯದಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದನ್ನು ನೋಡಿದ್ದೇನೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಒಂದು ಟೀ ಚಮಚದಷ್ಟು. ಆದ್ದರಿಂದ ಮೊದಲು ಬರುವ ನಾಲ್ಕು ಹನಿ ಹಳದಿ ಹಾಲೇ ಸಾಕು, ಹಾಲು ಬಂದಿಲ್ಲ ಎಂದು ಗಾಬರಿಯಾಗಿ ಡಬ್ಬಿ ತರಿಸಬೇಡಿ. ಬಾಟಲಿ, ಬಾಟಲಿ ಕುದಿಸುವ ಯಂತ್ರ, ಹಾಲಿನ ಪುಡಿ ಯಾವುದನ್ನೂ ಮುಂಚೆ ಕೊಂಡಿಡಬೇಡಿ. ಮನೆಯಲ್ಲಿದ್ದರೆ ನಡುರಾತ್ರಿ ಮಗು ಅತ್ತಾಗ ಕೈ ಅದರ ಕಡೆಗೇ ಹೋಗುತ್ತದೆ. ಇವುಗಳ ಜಾಹೀರಾತನ್ನು, ಉಚಿತ ಮಾದರಿ ಹಂಚುವುದನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ. ತಾಯಿಯ ಆತ್ಮವಿಶ್ವಾಸವನ್ನು ಮಾರುಕಟ್ಟೆಯಿಂದ ಕಾಯಬೇಕು ಎಂದು ಸಂಸತ್ತಿಗೇ ಅನ್ನಿಸಿತ್ತು. ಕೆಲವು ತಾಯಂದಿರಿಗೆ, ಕೆಲವು ಮಕ್ಕಳಿಗೆ ಹೊರಗಿನ ಹಾಲು ನಿಜವಾಗಿಯೂ ಬೇಕಾಗುತ್ತದೆ. ಅದನ್ನು ವೈದ್ಯರು ಹೇಳುತ್ತಾರೆ, ಆಗ ತರಿಸಿದರೆ ತಡವಾಗುವುದಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ. ಆ ಹೊತ್ತಿಗೆ ಬೇಕಾಗುವ ಸಾಮಾನು ಒಂದೇ: ಒಳಲೆ. ಅಂಗೈಯಗಲದ ಬಟ್ಟಲು, ತುದಿಗೆ ಕಿರಿದಾದ ಮೂತಿ. ತುಟಿಯ ಮೂಲೆಗೆ ತಾಗಿಸಿ ಮೆಲ್ಲಗೆ ಓರೆ ಮಾಡಿದರೆ ಮಗು ತಾನೇ ನುಂಗುತ್ತದೆ. ಮೂಲೆಗಳಿಲ್ಲ, ರಬ್ಬರಿಲ್ಲ, ತೊಳೆದು ಕುದಿಸಿದರೆ ಶುದ್ಧ. ಚೀಪಲು ಬಾರದ ಮಗುವಿಗೆ ಹಿಂಡಿದ ಎದೆಹಾಲನ್ನು ಕುಡಿಸಲು ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವುದು ಇದನ್ನೇ. ಸ್ಟೀಲಿನದು ಒಂದು ಇಟ್ಟುಕೊಳ್ಳಿ.

ಜೇನುತುಪ್ಪ ನೆಕ್ಕಿಸಲು ಯಾರಾದರೂ ಬೆಳ್ಳಿ ಬಟ್ಟಲು ತಂದರೆ ಬಟ್ಟಲನ್ನು ಇಟ್ಟುಕೊಳ್ಳಿ, ಜೇನು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ಗ್ರೈಪ್ ವಾಟರ್ ಕೂಡ ಬೇಡ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅದನ್ನು ಮೊದಲು ತಯಾರಿಸಿದಾಗ ಅದರಲ್ಲಿ ಮದ್ಯಸಾರವೂ ಇತ್ತು. ಈಗಿನದರಲ್ಲಿ ಅದಿಲ್ಲದಿದ್ದರೂ ಆರು ತಿಂಗಳೊಳಗಿನ ಹೊಟ್ಟೆಗೆ ಎದೆಹಾಲಲ್ಲದೆ ಬೇರೆ ನೀರು ಏಕೆ? ಪೌಡರ್ ಮಗುವಿನ ಉಸಿರಿಗೆ ಸೇರುತ್ತದೆ, ಕಾಡಿಗೆಯಲ್ಲಿ ಸೀಸ ಇರಬಹುದು, ಹೊಕ್ಕುಳಿಗೆ ಅರಿಶಿನವಾಗಲಿ ಬೂದಿಯಾಗಲಿ ಹಚ್ಚಿದರೆ ಸೋಂಕು ತಗಲಬಹುದು. ಇವು ಮೂರನ್ನೂ ಪಟ್ಟಿಯಿಂದ ತೆಗೆದುಹಾಕಿ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಕಣ್ಣಿಗೆ ದೂರವಾಗಿ, ಅಂಗಾಲಿಗೆ ಇಡಿ. ಮೈಗೆ ಮನೆಯ ಕೊಬ್ಬರಿ ಎಣ್ಣೆ, ಸ್ನಾನಕ್ಕೆ ಒಂದು ಸೌಮ್ಯ ಸೋಪು ಸಾಕು. ಹೊಕ್ಕುಳಬಳ್ಳಿ ಉದುರುವವರೆಗೆ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಔಷಧದಂಗಡಿಯಿಂದ ತಪ್ಪದೆ ತರಬೇಕಾದದ್ದು ಒಂದು ಡಿಜಿಟಲ್ ಥರ್ಮಾಮೀಟರ್. ಈ ವಯಸ್ಸಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಮೈ ತಣ್ಣಗಾಗಿ ಹಾಲು ಬಿಟ್ಟರೂ, ಉಸಿರು ನಿಮಿಷಕ್ಕೆ ಅರವತ್ತು ಮೀರಿದರೂ ಹಾಗೆಯೇ. 108 ಸಂಖ್ಯೆಯನ್ನು ಮನೆಯವರೆಲ್ಲರ ಫೋನಿನಲ್ಲೂ ಉಳಿಸಿಡಿ.

ಕಾರಿರುವವರಿಗೆ ಒಂದು ಮಾತು. ನೀವು ಹೊಸದಾಗಿಯೇ ಕೊಳ್ಳಬೇಕಾದ ವಸ್ತು ಒಂದಿದ್ದರೆ ಅದು ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶು ಆಸನ. ಆರ್44 ಅಥವಾ ಆರ್129 ಎಂಬ ಗುರುತು ಅದರ ಮೇಲಿದೆಯೇ ನೋಡಿ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ಪ್ರಯಾಣಕ್ಕೇ ಅದು ಬೇಕು. ತಾಯಿಯ ತೊಡೆ ಎಷ್ಟು ಬೆಚ್ಚಗಿದ್ದರೂ ಅಪಘಾತದ ರಭಸದಲ್ಲಿ ಯಾವ ಕೈಯೂ ಮಗುವನ್ನು ಹಿಡಿದಿಡಲಾರದು. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗಿನ ಎದುರು ಎಂದಿಗೂ ಇಡಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನವನ್ನು ಕಡ್ಡಾಯ ಮಾಡಿದೆ, ತಪ್ಪಿದರೆ 1000 ರೂಪಾಯಿ ದಂಡ. ಇದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ. ಅದು ಯಾವ ಅಪಘಾತ ಕಂಡಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಕಾರಿಲ್ಲದವರು ಅಂದು ಒಂದು ಆಟೋ ಅಥವಾ ಟ್ಯಾಕ್ಸಿ ಮಾಡಿ ನಿಧಾನವಾಗಿ ಬನ್ನಿ, ಬೈಕಿನಲ್ಲಿ ಮಾತ್ರ ಬೇಡ.

ಇನ್ನು ಅತ್ಯಂತ ದುಬಾರಿ ಸಾಮಾನು. ಏಳನೇ ತಿಂಗಳ ಹೊತ್ತಿಗೆ ನಿಮಗೊಂದು ಕರೆ ಬರಬಹುದು. ಹೊಕ್ಕುಳಬಳ್ಳಿಯ ರಕ್ತವನ್ನು ಸಂಗ್ರಹಿಸಿಟ್ಟರೆ ಮಗುವಿಗೆ ಜೀವಮಾನದ ರಕ್ಷೆ ಎನ್ನುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಮಾತು. ಖಾಸಗಿಯಾಗಿ ಹೀಗೆ ಸಂಗ್ರಹಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಶಿಫಾರಸು ಮಾಡುವುದಿಲ್ಲ. ಮಗುವಿಗೆ ಆನುವಂಶಿಕ ರಕ್ತದ ಕಾಯಿಲೆ ಬಂದರೆ ಅದೇ ದೋಷ ಅದರ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇರುತ್ತದೆ, ಹಾಗಾಗಿ ಅದು ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಈಗಾಗಲೇ ಅಂಥ ಕಾಯಿಲೆಯ ಮಗು ಇದ್ದರೆ ವಿಷಯ ಬೇರೆ, ನಿಮ್ಮ ವೈದ್ಯರನ್ನೇ ಕೇಳಿ. ಉಳಿದವರು ಹೆರಿಗೆಯ ವೈದ್ಯರಲ್ಲಿ ಇನ್ನೊಂದು ಕೋರಿಕೆ ಇಡಿ. ಸಾಧ್ಯವಾದರೆ ಬಳ್ಳಿಯನ್ನು ಕತ್ತರಿಸುವ ಮುನ್ನ ಒಂದರಿಂದ ಮೂರು ನಿಮಿಷ ಕಾಯಿರಿ ಎನ್ನಿ. ಆ ರಕ್ತ ಮಗುವಿಗೇ ಹರಿದು ಮುಂದಿನ ತಿಂಗಳುಗಳಿಗೆ ಕಬ್ಬಿಣಾಂಶವಾಗಿ ಉಳಿಯುತ್ತದೆ. ಅದಕ್ಕೆ ಒಂದು ಪೈಸೆಯೂ ಬೇಕಿಲ್ಲ.

ಹೀಗೆ ಉಳಿದ ಹಣ ಎಲ್ಲಿಗೆ ಹೋಗಬೇಕು? ತಾಯಿಗೆ. 2007ರಲ್ಲಿ ಕರ್ನಾಟಕ ಸರ್ಕಾರ 'ಮಡಿಲು' ಯೋಜನೆ ತಂದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ 19 ಸಾಮಾನುಗಳ ಕಿಟ್ ಕೊಡತೊಡಗಿತು. ಮಗುವಿನ ಹಾಸಿಗೆ, ಸ್ವೆಟರ್, ಟೋಪಿಗಳ ಜೊತೆಗೆ ತಾಯಿಯ ಹೊದಿಕೆ, ಸ್ಯಾನಿಟರಿ ಪ್ಯಾಡ್, ಸೋಪು, ಹೊಟ್ಟೆಗೆ ಕಟ್ಟುವ ಬಟ್ಟೆಯೂ ಅದರಲ್ಲಿದ್ದವು. ನಾನು ಕಂಡ ಖಾಸಗಿ ಪಟ್ಟಿಗಳಲ್ಲಿ ಇಂಥ ಸಾಲುಗಳು ಅಪರೂಪ. ಮುಂದೆ ಜಿಪ್ಪಿರುವ ಹತ್ತಿ ನೈಟಿ ನಾಲ್ಕು, ಹಾಲುಣಿಸಲು ಅನುಕೂಲವಾದ ಒಳಉಡುಪು, ದೊಡ್ಡ ಪ್ಯಾಡುಗಳು, ರಾತ್ರಿ ಪಕ್ಕದಲ್ಲಿಡಲು ಬಿಸಿನೀರಿನ ಫ್ಲಾಸ್ಕು, ಬೆನ್ನಿಗೆ ಆಸರೆಯಾಗುವ ದಿಂಬು, ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳು. ಆ ಮಾತ್ರೆಗಳನ್ನು ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕು, ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ.

ಇದೆಲ್ಲಕ್ಕಿಂತ ಬೆಲೆಬಾಳುವುದು ಇನ್ನೊಬ್ಬರ ಎರಡು ಕೈ. ಅಮ್ಮ ಬರಬಲ್ಲರೇ, ಅತ್ತೆ ಇರಬಲ್ಲರೇ, ಇಲ್ಲವಾದರೆ ಆರು ವಾರ ಅಡುಗೆಗೆ, ಬಟ್ಟೆ ಒಗೆಯಲು ಯಾರನ್ನಾದರೂ ಗೊತ್ತುಮಾಡಬಲ್ಲಿರೇ ಎಂದು ಈಗಲೇ ವಿಚಾರಿಸಿ. ಸ್ಟ್ರೋಲರಿನ ಹಣ ಆ ಸಂಬಳಕ್ಕೆ ಹೋದರೆ ಮಗುವಿಗೇ ಹೆಚ್ಚು ಲಾಭ. ನಿದ್ದೆ ಮಾಡಿದ ತಾಯಿಗೆ ಹಾಲು ಇಳಿಯುತ್ತದೆ, ನಗುವೂ ಬರುತ್ತದೆ. ತಂದೆಯಂದಿರೇ, ಈ ಸಾಲಿನಲ್ಲಿ ನಿಮ್ಮ ಹೆಸರೂ ಇರಬೇಕು. ರಜೆಯನ್ನು ಹೆರಿಗೆಯ ದಿನಕ್ಕೆ ಮಾತ್ರ ಹಾಕಬೇಡಿ, ನೆಂಟರು ವಾಪಸು ಹೋದ ಮೇಲಿನ ವಾರಕ್ಕೂ ಉಳಿಸಿಕೊಳ್ಳಿ. ಅಂಗಿ ಬಿಚ್ಚಿ ಎದೆಯ ಮೇಲೆ ಮಗುವನ್ನು ಮಲಗಿಸಿಕೊಳ್ಳುವುದನ್ನು ನರ್ಸ್‌ಗಳಿಂದ ಕಲಿಯಿರಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ವೈದ್ಯರು, ಯಂತ್ರಗಳು ಸಾಲದೆ, ತೂಕ ಕಡಿಮೆಯ ಶಿಶುಗಳನ್ನು ಹೀಗೆ ಮೈಗೆ ಮೈ ತಾಗಿಸಿ ಉಳಿಸಿಕೊಂಡರು. ಇಂದು ಜಗತ್ತಿನೆಲ್ಲೆಡೆ ಅದನ್ನು ಅನುಸರಿಸುತ್ತಾರೆ. ಬೆಚ್ಚಗಿಡುವುದಕ್ಕೆ ನಿಮ್ಮ ಎದೆಗಿಂತ ಒಳ್ಳೆಯ ಸಾಧನವಿಲ್ಲ.

ಉಡುಗೊರೆ ಕೊಡಲು ಬರುವವರಿಗೆ ನೀವೇ ಬಾಯಿಬಿಟ್ಟು ಹೇಳಿ. ಒಂದು ವರ್ಷದ ಅಳತೆಯ ಬಟ್ಟೆ ಕೊಡಿ, ಒಂದು ವಾರ ಊಟ ಕಳಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆಟಿಕೆಯೇ ತರುವೆವೆಂದರೆ ಚನ್ನಪಟ್ಟಣದ ಗಿಲಕಿಯನ್ನು ಕೇಳಿ. ಆಲೆ ಮರವನ್ನು ಕಡೆದು, ಸಸ್ಯಬಣ್ಣ ಸೇರಿಸಿದ ಅರಗು ಹಚ್ಚಿ ಮಾಡುವ ಸಾಂಪ್ರದಾಯಿಕ ಗಿಲಕಿ ಮೂರು ತಿಂಗಳ ಕೂಸಿನ ಕೈಗೆ ಸರಿಯಾಗಿ ಒಗ್ಗುತ್ತದೆ. ಬೇರೆ ಆಟಿಕೆಗಳ ಮೇಲೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿ ತೆಗೆದುಕೊಳ್ಳಲು ಹೇಳಿ. ವಾಕರ್ ಮಾತ್ರ ಯಾರು ಕೊಟ್ಟರೂ ನಯವಾಗಿ ಬೇಡ ಎನ್ನಿ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಈ ಚಿಕ್ಕ ಪಟ್ಟಿಯೂ ಭಾರವೆನಿಸುವ ಮನೆಗಳು ನಿಮ್ಮಲ್ಲಿವೆ ಎಂದು ಬಲ್ಲೆ. ನೀವು ಸಾಲ ಮಾಡಬೇಡಿ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧ, ಪರೀಕ್ಷೆ, ಊಟ, ಬಂದುಹೋಗುವ ವಾಹನ ಎಲ್ಲವೂ ಉಚಿತ ಎಂಬ ನಿಯಮವಿದೆ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟುಕೊಳ್ಳಿ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಈಗಲೇ ಮಾತಾಡಿಸಿ. ಒಗೆದ ಹಳೆ ಬಟ್ಟೆ, ಒಂದು ಸೊಳ್ಳೆಪರದೆ, ತಾಯಿಗೆ ಹೊಟ್ಟೆ ತುಂಬ ಊಟ ಇಷ್ಟಿದ್ದರೆ ನಿಮ್ಮ ಮಗುವಿಗೆ ಯಾವ ಕೊರತೆಯೂ ಆಗಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಈ ವಾರ ಇಬ್ಬರೂ ಕೂತು ನಿಮ್ಮ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಪ್ರತಿ ಸಾಲಿನ ಮುಂದೆ, 'ಇದು ಮೊದಲ ಆರು ವಾರದಲ್ಲಿ ಬೇಕೇ?' ಎಂದು ಕೇಳಿ. ಬೇಡವಾದದ್ದನ್ನು ಎರಡನೇ ಹಾಳೆಗೆ ಹಾಕಿ, ಮೇಲೆ ಲಸಿಕೆಯ ತಾರೀಖು ಬರೆಯಿರಿ. ಮೊದಲ ಹಾಳೆಯ ತಲೆಗೆ ಅಡುಗೆ ಯಾರದು, ರಾತ್ರಿ ಮಗುವನ್ನು ಎತ್ತಿಕೊಳ್ಳುವ ಸರದಿ ಯಾರದು, ತಾಯಿ ಹಗಲು ಮಲಗುವ ಹೊತ್ತು ಯಾವುದು ಎಂದು ಬರೆದಿಡಿ. ಅಂಗಡಿಗೆ ಆಮೇಲೆ ಹೋಗಿ.

ಹೆರಿಗೆ ಸುಸೂತ್ರವಾಗಲಿ. ತಾಯಿ-ಮಗು ಇಬ್ಬರೂ ಚೆನ್ನಾಗಿರಲಿ.

ನಿಮ್ಮ ಹಿತ ಬಯಸುವ,
ಹೆರಿಗೆ ವಾರ್ಡಿನ ಒಬ್ಬ ನಿವೃತ್ತ ನರ್ಸ್